ಖಾಜಾಸಾಬರು ತೊಳೆದ ರೇಡಿಯೇಟರ್

ಖಾಜಾಸಾಬರೇ, ಆ ಹಳದಿ ಕಾರಿನ ಎಂಜಿನ್ ಕೆಟ್ಟಿದ್ದು ನನ್ನಿಂದ. ನೀವು ತೊಳೆದುಕೊಟ್ಟ ರೇಡಿಯೇಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಇದು ನನಗೆ ಆವತ್ತೇ ಗೊತ್ತಿತ್ತು — ಆರು ವರ್ಷದಿಂದ ಗೊತ್ತಿದೆ.

ಗಂಗಾವತಿಯ ಕೊಪ್ಪಳ ರಸ್ತೆಯಲ್ಲಿ ನನ್ನ ಗ್ಯಾರೇಜಿಗೂ ನಿಮ್ಮ ರೇಡಿಯೇಟರ್ ಅಂಗಡಿಗೂ ನಡುವೆ ಒಂದು ತಗಡಿನ ಗೋಡೆಯಷ್ಟೇ ಇತ್ತು. ಅಕ್ಕಿ ಗಿರಣಿಯ ವೀರಣ್ಣನವರು ಹೈದರಾಬಾದಿನಿಂದ ಆ ಹಳೆಯ ಹಳದಿ ಸ್ಪೋರ್ಟ್ಸ್ ಕಾರು ತಂದಾಗ ಇಡೀ ಅಂಗಡಿಸಾಲು ಕೆಲಸ ಬಿಟ್ಟು ನೋಡಲು ಬಂದಿತ್ತು. ನೆಲಕ್ಕೆ ಹೊಟ್ಟೆ ಹಚ್ಚಿ ಕೂತಂಥ ಗಾಡಿ. ಆನೆಗೊಂದಿಗೆ ಹೋಗಿಬರುವಷ್ಟರಲ್ಲಿ ಕಾದು ನಿಲ್ಲುತ್ತಿತ್ತು. ನೀವು ರೇಡಿಯೇಟರ್ ಬಿಚ್ಚಿ, ಅದರ ಸಂದುಗಳಲ್ಲಿ ಗಿರಣಿಯ ಹೊಟ್ಟು ತುಂಬಿಕೊಂಡಿದ್ದನ್ನು ತೋರಿಸಿದಿರಿ. ಅರ್ಧ ದಿನ ಕೂತು ತೊಳೆದಿರಿ. ರೋಗ ಅಲ್ಲಿಗೆ ಮುಗಿದಿತ್ತು. ನಾನು ಸುಮ್ಮನಿದ್ದರೆ ಸಾಕಿತ್ತು.

ಸುಮ್ಮನಿರಲಿಲ್ಲ. ನಮ್ಮ ಕಡೆಯ ಮೆಕ್ಯಾನಿಕ್‌ಗಳ ಚಾಳಿ ನಿಮಗೆ ಗೊತ್ತೇ ಇದೆ — ಬೇಸಿಗೆಯಲ್ಲಿ ಯಾವ ಗಾಡಿ ಬಂದರೂ ಥರ್ಮೋಸ್ಟಾಟ್ ಕಿತ್ತುಹಾಕುವುದು. ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ಕವಾಟ ಅದು. ಈ ಬಿಸಿಲಿನ ಸೀಮೆಯಲ್ಲಿ ತಡೆಯುವುದೇನು ಬಂತು, ಹರಿಯಲಿ ಬಿಡು ಎನ್ನುವುದು ನಮ್ಮ ಬುದ್ಧಿವಂತಿಕೆ. ಎಷ್ಟೋ ಜೀಪು, ಟ್ರ್ಯಾಕ್ಟರುಗಳಿಗೆ ಹಾಗೆ ಮಾಡಿದ್ದೆ. ಈ ಕಾರಿಗೂ ಮಾಡಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ.

ಮರುದಿನ ವೀರಣ್ಣನವರು ಹನುಮಸಾಗರಕ್ಕೆ ಹೊರಟರು. ಕುಷ್ಟಗಿ ಮುಟ್ಟುವ ಮೊದಲೇ ಎಂಜಿನ್ ಕುದಿಯಿತು. ಲಾರಿಯ ಮೇಲೆ ಹೇರಿಕೊಂಡು ತಂದರು. ನೀರು ತುಂಬಿ ಒಮ್ಮೆ ಸ್ಟಾರ್ಟ್ ಮಾಡಿದೆ. ಬಿಳಿ ಹೊಗೆ ಬಂತು, ಒಳಗೆ ನೀರು ಸೋರದಂತೆ ತಡೆಯುವ ಗ್ಯಾಸ್ಕೆಟ್ ಹೋಗಿತ್ತು. ಸ್ವಲ್ಪ ಹೊತ್ತು ಓಡಲು ಬಿಟ್ಟು ಮುಟ್ಟಿ ನೋಡಿದೆ: ಎಂಜಿನ್ ಕೆಂಡ, ರೇಡಿಯೇಟರ್ ತಣ್ಣಗೆ. ಆಗ ಹೊಳೆಯಿತು — ಈ ಎಂಜಿನ್ನಿನಲ್ಲಿ ಆ ಕವಾಟಕ್ಕೆ ಇನ್ನೊಂದು ಕೆಲಸವೂ ಇತ್ತು. ಬಿಸಿಯಾದ ಮೇಲೆ ಒಳದಾರಿಯನ್ನು ಮುಚ್ಚಿ ನೀರನ್ನು ರೇಡಿಯೇಟರಿಗೆ ಕಳಿಸುವುದು. ಅದನ್ನು ನಾನು ಕಿತ್ತಿದ್ದರಿಂದ ಕುದಿಯುವ ನೀರು ಎಂಜಿನ್ನಿನೊಳಗೇ ಸುತ್ತಿತ್ತು.

ಆ ಹೊತ್ತಿಗೆ ಏನನ್ನಿಸಿತು ಎಂದು ಕೇಳಿದರೆ — ಏನೂ ಅನ್ನಿಸಲಿಲ್ಲ. ಕೈ ತಾನಾಗಿಯೇ ಕವಾಟವನ್ನು ಜಾಗಕ್ಕೆ ಕೂರಿಸಿ ಬೋಲ್ಟು ಬಿಗಿಯಿತು. ಹೊರಗೆ ಬಂದಾಗ ವೀರಣ್ಣನವರು ನಿಂತಿದ್ದರು. ನೀವೂ ನಿಂತಿದ್ದಿರಿ.

"ಏನಾಗೇತಿ? ಯಾರ ಕೈಕೆಲಸ ಇದು?" ವೀರಣ್ಣನವರು ಕೇಳಿದರು.

"ರೇಡಿಯೇಟರ್ ಒಳಗ ಕಟ್ಕೊಂಡೈತ್ರಿ," ಅಂದೆ. "ನೀರು ಹೋಗವಲ್ದು."

ಇಷ್ಟೇ. ನಿಮ್ಮ ಹೆಸರು ಎತ್ತಲಿಲ್ಲ — ಎತ್ತುವ ಅಗತ್ಯವೇ ಇರಲಿಲ್ಲ. ವೀರಣ್ಣನವರು ಸಾಲಿನ ಎಲ್ಲರೆದುರು ನಿಮ್ಮನ್ನು ಬೈದದ್ದನ್ನು ಇಲ್ಲಿ ಬರೆಯಲಾರೆ.

"ತೊಳಿಯೋವಾಗ ಹೊಟ್ಟು ಒಳಗ ಹೋಗಿರಬೇಕ್ರಿ. ಕಣ್ಣು ಮೊದಲಿನಂಗ ಕಾಣವಲ್ದು," ಅಂದಿರಿ.

ನಾನು ಎಂಜಿನ್ ರಿಪೇರಿ ಮಾಡಿ ಹೊಸ ರೇಡಿಯೇಟರ್ ಹಾಕಿದೆ, ಗಾಡಿ ಓಡಿತು, ನನ್ನ ಸುಳ್ಳು ಎಲ್ಲರ ಕಣ್ಣಿಗೂ ನಿಜವಾಯಿತು. ನಿಮಗೂ. ನಲವತ್ತು ವರ್ಷ ಪಳಗಿದ ನಿಮ್ಮದೇ ಕೈಯನ್ನು ನೀವು ನನ್ನ ಒಂದು ಮಾತಿಗೆ ನಂಬುವುದನ್ನು ಬಿಟ್ಟಿರಿ. ತಿಂಗಳೊಳಗೆ ಅಂಗಡಿ ಮುಚ್ಚಿ ಯಲಬುರ್ಗಾದಲ್ಲಿರುವ ಮಗಳ ಮನೆಗೆ ಹೊರಟಿರಿ. ನಿಮ್ಮ ಸಾಮಾನನ್ನು ಟಂಟಂ ಆಟೋಗೆ ಹೇರಿದವನು ನಾನೇ. ಆಗಲೂ ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು ಎಂದು ಬರೆದರೆ ಅದೂ ಸುಳ್ಳಾಗುತ್ತದೆ.

ಹೋದ ತಿಂಗಳು, ಹೇಳಿಯೇ ಬಿಡೋಣ ಎಂದು ಯಲಬುರ್ಗಾಕ್ಕೆ ಬಂದೆ. ನಾನು ಬಾಯಿ ತೆರೆಯುವ ಮೊದಲೇ ನೀವು ಮಗಳಿಗೆ ನನ್ನನ್ನು ತೋರಿಸಿದಿರಿ.

"ಅವತ್ತು ಇಂವ ಖರೇ ಹೇಳಿದ್ದು ಭಾಳ ಛಲೋ ಆತು ನೋಡವ್ವ. ಇಲ್ಲಾಂದ್ರ ನಾ ಇನ್ನೂ ಎಷ್ಟು ಮಂದಿ ಗಾಡಿ ಕೆಡಸ್ತಿದ್ನೋ. ನಿಯತ್ತಿನ ಮನಷ್ಯಾ."

ನಿಯತ್ತಿನ ಮನುಷ್ಯ ತಲೆಯಾಡಿಸಿದ. ಚಹಾ ಕುಡಿದ. ಬಸ್ಸು ಹಿಡಿದ. ದಾರಿಯಲ್ಲಿ ಅಳು ಬರಬಹುದು ಎಂದುಕೊಂಡೆ, ಬರಲಿಲ್ಲ. ನಾಚಿಕೆಯಾಯಿತು — ಆರು ವರ್ಷದಲ್ಲಿ ಮೊದಲ ಸಲ, ಸರಿಯಾಗಿ.

ನಿನ್ನೆ ವೀರಣ್ಣನವರಿಗೆ ಹೇಳಿದೆ. ಸಾಲಿನ ಅಂಗಡಿಗಳಿಗೂ ಒಂದೊಂದಾಗಿ ಹೋಗಿ ಹೇಳಿದೆ. ಕೆಲವರು ಬೈದರು, ಒಬ್ಬರು ಮುಖ ತಿರುಗಿಸಿದರು. ಈಗ ಉಳಿದಿರುವುದು ನೀವು. ನಿಮ್ಮೆದುರು ನನ್ನ ನಾಲಿಗೆ ಮತ್ತೆ ಹೊರಳೀತು ಎಂಬ ಭಯಕ್ಕೆ ಇದನ್ನು ಬರೆದಿದ್ದೇನೆ. ನಾಳೆ ನಾನೇ ತಂದು ನಿಮ್ಮ ಮಗಳ ಕೈಗೆ ಕೊಡುತ್ತೇನೆ, ಆಕೆ ನಿಮಗೆ ಓದಿ ಹೇಳಲಿ. ಮುಗಿಯುವವರೆಗೂ ನಾನು ಎದುರಿಗೇ ಕೂತಿರುತ್ತೇನೆ. ಆಮೇಲೆ ನೀವು ನನ್ನನ್ನು ಏನೆಂದು ಕರೆಯುತ್ತೀರೋ, ನಾನು ಅದೇ.