ವೀಸಾ ಅರ್ಜಿಯಲ್ಲಿ ಹೊನ್ನಾಳಿ ಅತ್ತೆಯ ಹೆಸರಿಲ್ಲ

ಗೆಳೆಯರೇ, ವೀಸಾ ಅರ್ಜಿಯನ್ನು ಮದುವೆ ಕಾರ್ಡಿನ ಹಾಗೆ ತುಂಬಿಸಲು ಹೊರಟವರು ನಿಮ್ಮಲ್ಲಿ ಯಾರಾದರೂ ಇದ್ದೀರಾ?

ಮಸ್ಕತ್‌ನಲ್ಲಿ ನನ್ನ ಜೊತೆ ನರ್ಸ್ ಆಗಿರುವ ಫಿಲಿಪ್ಪೀನ್ಸ್‌ನ ರೋಸ್, ನನ್ನ ಹತ್ತು ದಿನದ ರಜೆಗೆ ತಾನೂ ನಮ್ಮೂರು ಚನ್ನಗಿರಿಗೆ ಬರುತ್ತಾಳಂತೆ. ಇವತ್ತು ಬೆಳಿಗ್ಗೆ ಅವಳ ವೀಸಾ ಅರ್ಜಿ ತುಂಬಲು ಕೂತೆವು. ಭಾರತದಲ್ಲಿ ಪರಿಚಯದವರೊಬ್ಬರ ಹೆಸರು, ವಿಳಾಸ ಕೇಳಿದ್ದರು. ಅಮ್ಮನ ಹೆಸರು ಹಾಕೋಣವೆಂದು ಫೋನ್ ಮಾಡಿದೆ.

"ನಂದೊಂದೇ ಹಾಕ್ಬ್ಯಾಡ ಕಣೆ," ಎಂದಳು ಅಮ್ಮ. "ಹೊನ್ನಾಳಿ ಅತ್ತೇದು ಮೊದ್ಲು ಹಾಕು. ನಿಮ್ಮಕ್ಕನ ಮದುವೆ ಕಾರ್ಡ್‌ನಾಗೆ ಬಿಟ್ಟೋಗಿದ್ದಕ್ಕೆ ಮೂರು ವರ್ಷ ಮಾತು ಬಿಟ್ಟಿದ್ಲು. ಆಮೇಲೆ ಜಗಳೂರು ಚಿಕ್ಕಪ್ಪ, ನ್ಯಾಮತಿ ಮಾವ..."

"ಅಮ್ಮಾ, ಒಬ್ರಿಗಷ್ಟೇ ಜಾಗ ಐತೆ."

"ಕೆಳಗೆ ಸಣ್ಣಕ್ಷರದಾಗೆ 'ಮತ್ತು ಬಂಧುಮಿತ್ರರು' ಅಂತ ಸೇರಿಸಾಕೆ ಆಗಲ್ವಾ?"

ಆಗಲಿಲ್ಲ. ಅಮ್ಮನ ಹೆಸರೊಂದನ್ನೇ ಹಾಕಿ ಕಳಿಸಿದೆವು. ಅರ್ಧ ಗಂಟೆಯಲ್ಲಿ ಹೊನ್ನಾಳಿ ಅತ್ತೆಯ ವಿಡಿಯೊ ಕಾಲ್ ಬಂತು. ಸುದ್ದಿ ಮುಟ್ಟಿಸಿದ್ದು ಅಮ್ಮನೇ.

"ಸರ್ಕಾರದ ಕಾಗದದಾಗೂ ನಾವು ಬ್ಯಾಡಾದ್ವೇನೆ? ಆಗ್ಲಿ ಬಿಡು. ಆ ಹುಡುಗಿಗೆ ಕೊಡು ಫೋನು."

ಕೊಟ್ಟೆ. "ನಮ್ಮನೇಲಿ ಎಂಟು ದಿನ ಇರ್ಬೇಕು ನೋಡವ್ವಾ, ಇರ್ತೀಯಾ?" ಎಂದರು ಅತ್ತೆ. ಹಿರಿಯರು ಏನೇ ಕೇಳಿದರೂ "ಹ್ಞೂಂ" ಅನ್ನಬೇಕೆಂದು ರೋಸ್‌ಗೆ ಹೇಳಿಕೊಟ್ಟಿದ್ದು ನಾನೇ. ಅವಳು ನಗುತ್ತಾ ಹ್ಞೂಂ ಎಂದಳು.

ಭಾರತದ ವೀಸಾ ಇನ್ನೂ ಬಂದಿಲ್ಲ. ಹೊನ್ನಾಳಿಯದು ಆಗಲೇ ಮಂಜೂರಾಗಿದೆ, ಹತ್ತರಲ್ಲಿ ಎಂಟು ದಿನಕ್ಕೆ. ಅಮ್ಮನಿಗೆ ನಿಮ್ಮಲ್ಲೇ ಯಾರಾದರೂ ಹೇಳಿಬಿಡಿ.