ಮೇಷ್ಟ್ರ ಕ್ಯಾನಿಗೆ ಅರ್ಧ ಲೋಟ ಕಾಫಿ

ನೀವು ನಂಬುವುದಿಲ್ಲ, ಗೊತ್ತು. ಕೊನೆಯವರೆಗೆ ಓದಿ, ಆಮೇಲೂ ನಂಬದೆ ಇದ್ದು ತೋರಿಸಿ. ದೊಡ್ಡ ದೊಡ್ಡ ಡಾಕ್ಟರೇಟುಗಳು ತುಂಬಿದ್ದ ಪರಿಸರ ವಿಜ್ಞಾನ ವಿಭಾಗವನ್ನು ಅರ್ಧ ಲೋಟ ಕ್ಯಾಂಟೀನ್ ಕಾಫಿಯಲ್ಲಿ ಮಂಗ ಮಾಡಿದವನು ಇಡೀ ಮೈಸೂರಿಗೆ ನಾನೊಬ್ಬನೇ.

ಮೊನ್ನೆ ಸೊಸೆ ಅಟ್ಟ ಗುಡಿಸುವಾಗ ಲ್ಯಾಬಿನ ಹಳೆಯ ಗಾಜಿನ ಬಾಟಲಿಯೊಂದು ಸಿಕ್ಕಿತು. ಬಿರಡೆ ತೆಗೆದು ಮೂಸಿದೆ. ಏನೂ ವಾಸನೆಯಿಲ್ಲ. ಬಾಟಲಿಯನ್ನು ಹಾಗೆ ತೊಳೆಯುತ್ತಿದ್ದವರು ಒಬ್ಬರೇ... ನಮ್ಮ ಮೇಷ್ಟ್ರು.

ಮೇಷ್ಟ್ರು ಇಥಿಯೋಪಿಯಾದವರು. ಅಲ್ಲಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದವರು, ಮೂರು ವರ್ಷ ರಜೆ ಹಾಕಿ ಇಲ್ಲಿ ಪಿಎಚ್.ಡಿ. ಮಾಡಲು ಬಂದಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು. ರಜೆ ಮುಗಿಯುವುದರೊಳಗೆ ಡಿಗ್ರಿ ಸಿಗದಿದ್ದರೆ ಅಲ್ಲಿಯ ಕೆಲಸವೂ ಇಲ್ಲ. ನಾನು ಲ್ಯಾಬ್ ಅಟೆಂಡರ್. ಅವರಿಗೆ ಕನ್ನಡ ಕಲಿಸಿದ್ದೂ ನಾನೇ. ಕಲಿತ ಕನ್ನಡವನ್ನು ನನ್ನ ಮೇಲೇ ತಿರುಗಿಸಿದರು.

"ಕುಡೀರಿ ಮೇಷ್ಟ್ರೇ, ಮೈಸೂರು ಕಾಫಿ. ನಿಮ್ಮೂರಲ್ಲಿ ಇಂಥದ್ದು ಸಿಗಾಕಿಲ್ಲ," ಎಂದು ಕ್ಯಾಂಟೀನಿನಲ್ಲಿ ಲೋಟ ಕೊಟ್ಟೆ. ಒಂದು ಗುಟುಕು ಕುಡಿದು ಕೆಳಗಿಟ್ಟರು.

"ಅಣ್ಣಾ, ಕಾಫಿ ನಮ್ಮ ದೇಶದ್ದು. ಇದು ಕಾಫಿ ಅಲ್ಲ. ಇದು ಹಾಲು, ಸಕ್ಕರೆ."

ಕ್ಯಾಂಟೀನು ಪೂರ್ತಿ ನಕ್ಕಿತು. ಹಾಗಂದವರನ್ನು ನಾನು ಸುಮ್ಮನೆ ಬಿಡುತ್ತೇನೆಯೇ?

ಪ್ರತಿ ತಿಂಗಳೂ ಅವರು ಊರಿನ ಕೆರೆಯೊಂದರ ಆರು ಕಡೆಯಿಂದ ಆರು ಕ್ಯಾನುಗಳಲ್ಲಿ ನೀರು ತರುತ್ತಿದ್ದರು. ಅದನ್ನು ಬಾಟಲಿಗೆ ತುಂಬಿ, ಫ್ರಿಜ್ಜಿನಂಥ ಪೆಟ್ಟಿಗೆಯಲ್ಲಿ ಐದು ದಿನ ಇಟ್ಟು, ಎಷ್ಟು ಆಮ್ಲಜನಕ ಉಳಿಯಿತೆಂದು ನೋಡುವುದು. ನೀರು ಕೊಳಕಾದಷ್ಟೂ ಉಳಿಯುವುದು ಕಡಿಮೆ. ವಿಷಯ ಇಷ್ಟೇ, ಅವರ ಗೈಡು ಇದಕ್ಕೆ ಒಂದು ವಾರ ಪಾಠ ಮಾಡುತ್ತಿದ್ದರು. ಒಂದು ತಿಂಗಳು ಮೇಷ್ಟ್ರು ಬಾಟಲಿ ತೊಳೆಯಲು ಹೋದಾಗ ನಾಲ್ಕನೆಯ ಕ್ಯಾನಿಗೆ ನನ್ನ ಅರ್ಧ ಲೋಟ ಕಾಫಿ ಸುರಿದೆ. ಕೆರೆಯ ನೀರು ಮೊದಲೇ ಕಂದು, ಯಾರಿಗೂ ತಿಳಿಯಲಿಲ್ಲ. ಐದನೆಯ ದಿನ ಅವರು ಹೌಹಾರಬೇಕು, ನಾನು ಚಪ್ಪಾಳೆ ತಟ್ಟಿ ನಿಜ ಹೇಳಬೇಕು. ಅಷ್ಟೇ ನನ್ನ ಲೆಕ್ಕಾಚಾರ.

ಐದನೆಯ ದಿನ ಆ ಬಾಟಲಿಯಲ್ಲಿ ಆಮ್ಲಜನಕ ಒಂದು ಚೂರೂ ಇಲ್ಲ. ಆದರೆ ನಾನು ಬಾಯಿ ತೆರೆಯುವ ಮೊದಲೇ ಗೈಡು ಬಂದುಬಿಟ್ಟರು. ಬೂಟು ಕೊಳೆಯಾಗುತ್ತದೆಂದು ಒಂದು ದಿನವೂ ಕೆರೆಯ ಏರಿ ಹತ್ತದ ಪರಿಸರವಾದಿ! ಅಂಕಿ ನೋಡಿದ್ದೇ ಕುಣಿದುಬಿಟ್ಟರು. ನಾಲ್ಕನೆಯ ಜಾಗದಲ್ಲಿ ಗುಪ್ತ ಚರಂಡಿ ಇದೆಯಂತೆ, ದಿಲ್ಲಿಯಲ್ಲಿ ಪ್ರಬಂಧ ಓದುತ್ತಾರಂತೆ.

ಈ ಅಂಕಿ ಉಳಿದ ತಿಂಗಳುಗಳಿಗೆ ಹೊಂದುವುದಿಲ್ಲ, ಬಿಟ್ಟುಬಿಡುತ್ತೇನೆ ಎಂದರು ಮೇಷ್ಟ್ರು. ಗೈಡು ಇಂಗ್ಲಿಷಿನಲ್ಲಿ ಹಾರಾಡಿದರು: ಅಂಕಿ ಪಿಎಚ್.ಡಿ. ಪ್ರಬಂಧದಲ್ಲಿರಬೇಕು, ಇಲ್ಲವಾದರೆ ನನ್ನ ಸಹಿ ಇಲ್ಲ. ಆಮೇಲೆ ನನ್ನ ಕಡೆ ತಿರುಗಿದರು.

"ಏನಯ್ಯಾ, ನೀನೇ ಹೇಳು. ಆ ಕೆರೆ ಗಬ್ಬು ಹೌದೋ ಅಲ್ವೋ?"

"ಗಬ್ಬೋ ಗಬ್ಬು ಸಾರ್," ಎಂದೆ. ನನ್ನ ಬಡ್ತಿಯ ಕಾಗದ ಅವರ ಮೇಜಿನ ಮೇಲಿತ್ತು.

ಮೇಷ್ಟ್ರಿಗೆ ಇನ್ನೊಂದು ಹುಚ್ಚು ಹಿಡಿಯಿತು. ಕ್ಯಾನು, ಬಾಟಲಿ ತೊಳೆದದ್ದು ಸಾಲದೆ ಹೀಗಾಯಿತೆಂದು ತಮ್ಮನ್ನೇ ಬೈದುಕೊಂಡರು. ಒಂದೊಂದು ಬಾಟಲಿಯನ್ನೂ ಆ್ಯಸಿಡ್ ಹಾಕಿ ಏಳೇಳು ಸಲ ತೊಳೆದರು. ಬೆರಳ ತುದಿಯ ಚರ್ಮ ಸುಲಿಯಿತು.

"ಬುಡಿ ಮೇಷ್ಟ್ರೇ, ಗಾಜು ಸವೆದೋಯ್ತದೆ."

"ತಪ್ಪು ನನ್ನದು ಅಣ್ಣಾ."

ಅದೇ ಜಾಗದ ನೀರನ್ನು ಮತ್ತೆ ಮತ್ತೆ ತಂದು ನೋಡಿದರು. ಮತ್ತೆ ಅಂಥ ಅಂಕಿ ಬರಲೇ ಇಲ್ಲ. ಚರಂಡಿಯವರು ಹೆದರಿ ಮುಚ್ಚಿಕೊಂಡಿದ್ದಾರೆ ಎಂದರು ಗೈಡು! ಇಂಥ ತಲೆಗೆ ಸಂಬಳ ಕೊಡುತ್ತಿದ್ದರು. ಮೇಷ್ಟ್ರು ಸುಳ್ಳು ಅಂಕಿ ಬರೆಯಲಿಲ್ಲ, ಗೈಡು ಸಹಿ ಹಾಕಲಿಲ್ಲ, ರಜೆ ಮುಗಿಯಿತು.

ರೈಲ್ವೆ ಸ್ಟೇಷನ್ನಿಗೆ ಅವರ ಟ್ರಂಕು ಹೊತ್ತು ನಾನೇ ಹೋದೆ. ರೈಲು ಹೊರಡುವ ಮುಂಚೆ ಕಿಟಕಿಯ ಬಳಿ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಅವರು ಕಣ್ಣು ಬಿಟ್ಟುಕೊಂಡು ನೋಡಿದರು, ಆಮೇಲೆ ಸರಳು ಹಿಡಿದು ನಕ್ಕರು. "ನೋಡಿದ್ಯಾ ಅಣ್ಣಾ, ಆಮ್ಲಜನಕ ತಿಂದದ್ದು ಕಾಫಿ ಅಲ್ಲ, ಹಾಲು!" ಎಂದರು.

ಗೈಡು ನಿವೃತ್ತರಾಗಿ ಈಗಲೂ ಪರಿಸರ ದಿನಕ್ಕೆ ಶಾಲು ಹೊದಿಸಿಕೊಳ್ಳುತ್ತಾರೆ. ಹೋದ ವರ್ಷ ನೆಟ್ಟ ಗುಂಡಿಯಲ್ಲೇ ಈ ವರ್ಷವೂ ಗಿಡ ನೆಡುತ್ತಾರೆ. ನನಗೆ ಬಡ್ತಿ ಸಿಕ್ಕಿತು, ಪಿಂಚಣಿಯೂ ಬರುತ್ತಿದೆ. ಮೇಷ್ಟ್ರ ಸುದ್ದಿ ಮಾತ್ರ ಇಲ್ಲ. ಬದುಕಿದ್ದಾರೋ, ಆ ಕೆಲಸ ಉಳಿಯಿತೋ... ಯಾರನ್ನು ಕೇಳಲಿ?

ಇಷ್ಟು ಹೇಳಿದ್ದರಲ್ಲಿ ಒಂದು ಮಾತ್ರ ನಾನು ಕಟ್ಟಿದ ಕಥೆ. ಕಾಫಿ ನಿಜ, ಗೈಡು ನಿಜ, ಟ್ರಂಕು ಹೊತ್ತದ್ದೂ ನಿಜ. ಕಿಟಕಿಯ ಬಳಿ ನಾನು ಕಾಫಿಯ ವಿಷಯ ಹೇಳಲೇ ಇಲ್ಲ. ರೈಲು ಅಲುಗಾಡಿದಾಗ ಅವರೇ ಮಾತಾಡಿದರು.

"ಸರಿಯಾಗಿ ತೊಳೀಬೇಕಿತ್ತು ಅಣ್ಣಾ."

"ಆಯ್ತು ಬುಡಿ ಮೇಷ್ಟ್ರೇ," ಎಂದೆ.