ಪರೀಕ್ಷೆಗೆ ಕೂತ ಕಂಬಳಿ ಅವ್ವ

ಹೋದ ವಾರ ಜಹೀರಾಬಾದಿನ ಸಂತೆಯಲ್ಲಿ ಯಾರೋ ಹೊಸ ಕಂಬಳಿಗಳನ್ನು ಬಿಸಿಲಿಗೆ ಹರವಿದ್ದರು. ನೂಲು ಗಟ್ಟಿಯಾಗಲೆಂದು ಬಳಿದ ಹುಣಸೆಬೀಜದ ಗಂಜಿ ಇನ್ನೂ ಆರಿರಲಿಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೊಳ್ಳಲು ಹೋದ ಬದನೆಕಾಯಿಯನ್ನೂ ಮೇಷ್ಟ್ರ ಗಾಂಭೀರ್ಯವನ್ನೂ ಮರೆತು ಕಂಬಳಿಗೆ ಮೂಗು ಹಚ್ಚಿ ನಿಂತುಬಿಟ್ಟೆ. ಮಾರುವವನು, "ತಗೋತೀರೇನ್ರಿ, ಬರೇ ಮೂಸಿ ನೋಡ್ತೀರೋ?" ಅಂದ.

ನಿಜಾಮರ ಕಾಲದಲ್ಲಿ, ನ್ಯಾಲ್ಕಲ್ ಹತ್ತಿರದ ನಮ್ಮೂರಿನಲ್ಲಿ, ನಮ್ಮ ಗೋಡೆಗೆ ಹತ್ತಿದ ಮನೆಯಿಂದ ದಿನವೂ ಇದೇ ವಾಸನೆ ಬರುತ್ತಿತ್ತು. ಆ ಮನೆ ಕಂಬಳಿ ನೇಯುವ ಮುದುಕಿಯೊಬ್ಬಳದು. ಕುರುಬರ ಹೆಣ್ಣುಮಗಳು. ಗಂಡ ತೀರಿದ ಮೇಲೆ ಮಗ್ಗಕ್ಕೆ ತಾನೇ ಕೂತಳು. ಹೆಂಗಸರು ನೂಲಬೇಕು, ನೇಯಬಾರದು ಎಂದು ಕೇರಿಯವರು ಆಡಿಕೊಂಡರು. ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ. ಎಲ್ಲರ ಹಾಗೆ ನಾನೂ ಕಂಬಳಿ ಅವ್ವ ಎನ್ನುತ್ತಿದ್ದೆ.

ನಾನು ಉರ್ದು ಶಾಲೆಯಲ್ಲಿ ಏಳು ವರ್ಷ ಓದಿ ಮನೆಯಲ್ಲಿ ಚಿಂತೆ ಮಾಡುತ್ತ ಕೂತಿದ್ದೆ. ಚಿಂತೆಯಲ್ಲಿ ಮಾತ್ರ ಆಗಲೂ ನನ್ನದು ಮೊದಲ ದರ್ಜೆ. ಕನ್ನಡ ಅಕ್ಷರಗಳನ್ನು ಅಪ್ಪನೇ ಕಲಿಸಿದ್ದರು. ಊರಲ್ಲೊಂದು ಕನ್ನಡ ಶಾಲೆ ತೆರೆದು ಮಾಸ್ತರನಾಗಬೇಕೆಂಬ ಆಸೆ. ಅದಕ್ಕೆ ಸರಕಾರದ ಅಪ್ಪಣೆ ಬೇಕು. ಕಲಿಸಲು ಬರುತ್ತದೆ ಎಂದು ತನಿಖೆಯ ಸಾಹೇಬರ ಮುಂದೆ ತೋರಿಸಬೇಕು. ಅಪ್ಪಣೆ ಸಿಗದಿದ್ದರೆ ತಾಂಡೂರಿಗೆ ಹೋಗಿ ಸೋದರಮಾವನ ಗಣಿಯಲ್ಲಿ ಹಾಸುಗಲ್ಲು ಹೇರಿಸುವುದೇ ಗತಿ ಎಂದು ಅಪ್ಪ ಹೇಳಿಬಿಟ್ಟಿದ್ದರು. ಆದರೆ ಅಪ್ಪಣೆಯಿಲ್ಲದ ಮಾಸ್ತರನ ಹತ್ತಿರ ಮಕ್ಕಳನ್ನು ಕಳಿಸಲು ಊರಿಗೆಲ್ಲ ಅಂಜಿಕೆ. ಮಕ್ಕಳಿಲ್ಲದೆ ತೋರಿಸುವುದು ಹೇಗೆ?

ಒಂದು ಮಧ್ಯಾಹ್ನ ಗೋಡೆಯಾಚೆಯಿಂದ ದನಿ ಬಂತು. "ತಮ್ಮಾ, ಅಷ್ಟ್ಯಾಕ ಉಸಿರು ಬಿಡಾಕತ್ತಿ? ನಾ ಕೂಡ್ತೀನಿ ನಿನ್ನ ಸಾಲಿಗಿ."

"ಅವ್ವಾ, ನಿಂಗ ಮೊಮ್ಮಕ್ಕಳಾಗ್ಯಾವ..."

"ಆದ್ರೇನಾತು? ಹಲ್ಲು ಹೋಗ್ಯಾವ, ಕಣ್ಣು ಅವ."

ಮಗ್ಗದ ಎದುರಿಗೆ ಒಂದು ಹಾಸುಗಲ್ಲು ಒರಗಿಸಿ, ಸುಣ್ಣದ ಕಡ್ಡಿಯಿಂದ ದಿನಕ್ಕೊಂದು ಅಕ್ಷರ ಬರೆದೆ. ಆಕೆ ನೇಯುತ್ತಲೇ ನೋಡಿ, ಕೆಲಸ ಮುಗಿದ ಮೇಲೆ ನೆಲದ ಮಣ್ಣಿನಲ್ಲಿ ತಿದ್ದುತ್ತಿದ್ದಳು. ಅಕ್ಷರಗಳೆಲ್ಲ ಪಕ್ಕಾ ಆದ ಮೇಲೆ ಪದ ಕಲಿಸಿದರಾಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಸಾಹೇಬರು ಬಂದೇಬಿಟ್ಟರು.

ಕೊಹೀರ್ ಕಡೆಯಿಂದ ಟಾಂಗಾದಲ್ಲಿ ಬಂದರು, ಜೊತೆಗೆ ಕನ್ನಡ ಬಲ್ಲ ಪಂಡಿತರೊಬ್ಬರು. ಊರೆಲ್ಲ ನೆರೆಯಿತು. ವಿದ್ಯಾರ್ಥಿಗಳೆಲ್ಲಿ ಎಂದಾಗ ಕಂಬಳಿ ಅವ್ವ ಸೆರಗು ಸರಿಮಾಡಿಕೊಂಡು ಮುಂದೆ ನಿಂತಳು. ಸಾಹೇಬರು ಹುಬ್ಬೇರಿಸಿದರೂ ಬೇಡ ಅನ್ನಲಿಲ್ಲ. ಯಾವುದಾದರೂ ಒಂದು ಪದ ಬರೆಯಲಿ ಎಂದರು. ಪದ ನಾನು ಕಲಿಸಿಯೇ ಇರಲಿಲ್ಲ. ಆಕೆಗೆ ಮಾತ್ರ ಯಾವ ಚಿಂತೆಯೂ ಇಲ್ಲ. ತನ್ನ ಎತ್ತಿನ ಹೆಸರು, ಬಸವ ಎಂದು, ತಾನೇ ಜೋಡಿಸಿ ಕಲ್ಲಿನ ಮೇಲೆ ಬರೆದಳು. ಅಕ್ಷರ ಮೂರೂ ಮುತ್ತಿನ ಹಾಗಿದ್ದವು. ಆದರೆ ಬಲತುದಿಗೆ ಬ, ಅದರ ಎಡಕ್ಕೆ ಸ, ಇನ್ನೂ ಎಡಕ್ಕೆ ವ!

ತಪ್ಪು ನನ್ನದು. ಏಳು ವರ್ಷ ಉರ್ದು ಬರೆದ ಕೈ. ದಿನದಿನದ ಅಕ್ಷರವನ್ನು ಕಲ್ಲಿನ ಬಲತುದಿಯಿಂದ ಎಡಕ್ಕೆ ಸಾಲಾಗಿ ಇಡುತ್ತ ಹೋಗಿದ್ದೆ. ನನಗದು ಗೊತ್ತೇ ಆಗಿರಲಿಲ್ಲ. ಆಕೆ ಮಾಸ್ತರನನ್ನು ನಂಬಿದ್ದಳು, ಅಷ್ಟೇ.

"ಮಾಸ್ತರ ಕನ್ನಡಾನ ಹಿಂದಕ್ಕ ನಡಸ್ಯಾನ್ರಿ!" ಎಂದು ಪಂಡಿತರು ಹೊಟ್ಟೆ ಹಿಡಿದು ನಕ್ಕರು. ಊರೂ ನಕ್ಕಿತು. ನನಗೆ ತಾಂಡೂರಿನ ಗಣಿ ಕಣ್ಣೆದುರು ಬಂತು. "ತಪ್ಪು ನಂದ್ರೀ ಸಾಹೇಬ್ರ, ಅಕಿದಲ್ಲ," ಅಂದೆ. ಅಂದೆ ಎಂದುಕೊಂಡಿದ್ದೇನೆ... ದನಿ ಹೊರಬಿತ್ತೋ ಇಲ್ಲವೋ.

ಕಂಬಳಿ ಅವ್ವ ಪಂಡಿತರ ಕಡೆ ತಿರುಗಿದಳು. "ಯಾ ಕಡಿಂದ ಬರೀಬೇಕ್ರಿ?"

"ಎಡಗಡಿಂದವ್ವಾ."

"ಇಷ್ಟಕ್ಕ ಇಷ್ಟು ನಗಿಯೇನ್ರಿ? ನನ್ನ ಲಾಳಿ ದಿನಾ ಆ ಕಡಿಗೂ ಓಡತದ, ಈ ಕಡಿಗೂ ಓಡತದ."

ಸೆರಗಿನಿಂದ ಕಲ್ಲು ಒರೆಸಿ ಎಡದಿಂದ ಬರೆದಳು. ಅಲ್ಲಿಗೂ ಬಿಡಲಿಲ್ಲ. ಯಾರೂ ಕೇಳದಿದ್ದರೂ ಅದರ ಕೆಳಗೆ ಅರಸ ಎಂದು ಬರೆದಳು, ಅದರ ಕೆಳಗೆ ಕಳಸ. ನಗೆ ನಿಂತುಹೋಯಿತು. ಪಂಡಿತರು ಒಂದೊಂದನ್ನೂ ಓದಿ ಹೇಳಿದರು, ಈ ಸಲ ಮೆಲ್ಲಗೆ.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮಾಸ್ತರ್ ಕಚ್ಚಾ ಹೈ, ಶಾಗಿರ್ದ್ ಪಕ್ಕಾ," ಅಂದರು. ಮಾಸ್ತರ ಹಸಿ, ಶಿಷ್ಯೆ ಗಟ್ಟಿ. ಹಾಗೆ ಅನ್ನುತ್ತಲೇ ಅಪ್ಪಣೆಯ ಕಾಗದಕ್ಕೆ ರುಜು ಹಾಕಿದರು. ಆಮೇಲೆ ಎಷ್ಟೋ ಜನ ಎಷ್ಟೋ ಹೊಗಳಿದ್ದಾರೆ. ನಾನು ಹೆಮ್ಮೆಯಿಂದ ಹೇಳಿಕೊಳ್ಳುವುದು ಈ ಬೈಗುಳವನ್ನೇ. ಮರುದಿನ ಏಳು ಮಕ್ಕಳು ಬಂದರು. ಕಂಬಳಿ ಅವ್ವ ಮಗ್ಗದಿಂದಲೇ ಅವರನ್ನು ಗದರಿಸುತ್ತಿದ್ದಳು: "ಏ, ಎಡಗಡಿಂದ ಬರೀರಿ! ಮಾಸ್ತರಗ ನೋಡಬ್ಯಾಡ್ರಿ, ನನಗ ನೋಡ್ರಿ!"

ನಿಜಾಮರ ಆಳ್ವಿಕೆ ಮುಗಿಯುವ ಮುಂಚಿನ ಗಲಾಟೆಯ ದಿನಗಳಲ್ಲಿ ಆಕೆ ಮಕ್ಕಳು ಮೊಮ್ಮಕ್ಕಳೊಂದಿಗೆ ಕುರಿ ಹೊಡೆದುಕೊಂಡು ಊರು ಬಿಟ್ಟು ಬೀದರ ಕಡೆ ಹೊರಟಳು. "ಅಲ್ಲಿ ಮುಟ್ಟಿದ ಮ್ಯಾಲ ಕಾಗದ ಬರೀತೀನಿ ತಮ್ಮಾ," ಅಂದಿದ್ದಳು. ಕಾಗದ ಬರಲಿಲ್ಲ. ಬೀದರ ಕಡೆ ಹೋದವರನ್ನೆಲ್ಲ ಕೇಳಿದೆ... ಯಾರಿಗೂ ಗೊತ್ತಿಲ್ಲ.

ಈಗ ನನ್ನ ಕೈಯಲ್ಲಿ ಕಲಿತವರೇ ಮೇಷ್ಟ್ರಾಗಿದ್ದಾರೆ. ಅವರ ಮುಂದೆ ನಾನು ಒಳ್ಳೆಯ ಮೇಷ್ಟ್ರೆಂದೇ ಬೀಗುತ್ತೇನೆ. ಕಂಬಳಿ ಅವ್ವನ ವಿಷಯದಲ್ಲಿ ಮಾತ್ರ ಬೇರೆ. ಮಕ್ಕಳು ಬಂದ ಮೇಲೆ ಆಕೆಗೆ ಒತ್ತಕ್ಷರ ಕಲಿಸುವುದು ಉಳಿದುಹೋಗಿತ್ತು, ವಿಳಾಸ ಬರೆಯುವುದನ್ನಂತೂ ಹೇಳಿಕೊಟ್ಟಿರಲೇ ಇಲ್ಲ, ಅದಕ್ಕೇ ಆಕೆ ಬರೆಯಲಿಲ್ಲ, ಬೇರೇನೂ ಆಗಿಲ್ಲ ಎಂದು ನಂಬಿಕೊಂಡಿದ್ದೇನೆ. ನಾನು ಸರಿಯಾಗಿ ಕಲಿಸಲಿಲ್ಲ ಎಂಬುದು ನಿಜವಾಗಿರಲಿ ಎಂದು ಬೇಡಿಕೊಳ್ಳುವುದು ಈ ಒಬ್ಬಳ ವಿಷಯದಲ್ಲಿ ಮಾತ್ರ.